ಹನ್ನೆರಡಾಣೆ ನೋವು

ನಮ್ಮವ್ವನಿಗೆ ನೋವಿದೆ ಅನ್ನೋದು ನನಗೆ ಗೊತ್ತಾಗಿದ್ದು ನನಗೆ ಇಪ್ಪತ್ತಮೂರು ತುಂಬಿದ ಮೇಲೆ. ಅಷ್ಟು ಹೊತ್ತಿಗೆ ನಾನು ಬಿ.ಎ. ಮುಗಿಸಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟು ಕಂಡವನು ನಾನೇ ಮೊದಲು. ನಲವತ್ತು ಪದ್ಯ ಬರೆದಿದ್ದೆ. ಒಂದು ದಿನ ಅವನ್ನೆಲ್ಲ ನೋಟ್‌ಬುಕ್ಕಿಗೆ ನಕಲು ಮಾಡುವಾಗ ಎಣಿಸಿ ನೋಡಿದೆ. ‘ನೋವು’ ಅನ್ನುವ ಮಾತು ಐವತ್ತಮೂರು ಸಲ ಬಂದಿತ್ತು. ಕೇರಿಯ ನೋವು, ಸಾವಿರ ವರ್ಷದ ನೋವು, ಮಣ್ಣಿನ ನೋವು, ಹೆತ್ತ ಕರುಳಿನ ನೋವು. ಅವ್ವನ ಮೊಣಕಾಲಿನ ನೋವು ಮಾತ್ರ ಅದರೊಳಗೆ ಇರಲಿಲ್ಲ.

ಗೊತ್ತಾಗಿದ್ದು ಹೀಗೆ. ಕೈಗೆ ಕಣಜ ಕಚ್ಚಿತ್ತು. ಸುಣ್ಣ ಹಚ್ಚೋಣ ಅಂತ ಅವಳ ಎಲೆಅಡಿಕೆ ಸಂಚಿಗೆ ಕೈಹಾಕಿದೆ. ಎಲೆ, ಅಡಿಕೆ ಚೂರು, ಹೊಗೆಸೊಪ್ಪಿನ ಜತೆಗೆ ಒಂದು ಮಾತ್ರೆ ಪಟ್ಟಿ ಬಂತು. ಡೈಕ್ಲೋಫೆನಾಕ್. ಅದರ ಕೆಳಗೆ ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಸಣ್ಣ ಬಿಳಿ ಗುಳಿಗೆಗಳು.

‘ಇದೇನವ್ವ?’

‘ಏನಿಲ್ಲ ಕಣಪ್ಪ. ಕೂಲಿಗೆ ಹೋಗೋಕ್ ಮುಂಚೆ ಒಂದು ನುಂಗ್ತೀನಿ. ನುಂಗಿದ್ರೆ ಕಾಲು ಮಡಚಕ್ಕಾಯ್ತದೆ.’

‘ಎಷ್ಟು ದಿನದಿಂದ?’

‘ನೀನು ಹೈಸ್ಕೂಲಿಗೆ ಸೇರ್ದಾಗ್ನಿಂದ.’

ಲೆಕ್ಕ ಹಾಕಿದೆ. ಒಂಬತ್ತು ವರ್ಷ. ನನ್ನ ಫೀಸು, ಹಾಸ್ಟೆಲ್ಲಿಗೆ ಹೋಗುವಾಗ ಕೊಟ್ಟ ಐವತ್ತು ನೂರು, ಪದ್ಯ ಬರೆದ ನೋಟ್‌ಬುಕ್ಕು, ಎಲ್ಲ ಆ ಮಾತ್ರೆ ನುಂಗಿ ಬಗ್ಗಿದ ಕಾಲಿನಿಂದ ಬಂದದ್ದು. ಗೆಳೆಯರೇ, ನಾವು ಅಕ್ಷರ ಕಲಿತವರು ನಮ್ಮ ಓದಿನ ಸಾಲ ಯಾರಿಗೆ ಕೊಡಬೇಕು ಅಂತ ವೇದಿಕೆ ಮೇಲೆ ಹೇಳುತ್ತೇವೆ. ಆ ಸಾಲ ಯಾವ ಕೀಲಿನಲ್ಲಿ, ಯಾವ ಮೂಳೆಯಲ್ಲಿ ಕೂತಿದೆ ಅಂತ ನಾನು ಅವತ್ತಿನವರೆಗೆ ಕೇಳಿರಲಿಲ್ಲ.

*

ನಮ್ಮದು ಮಂಡ್ಯ ಸೀಮೆಯ ನಾಲೆ ಬಯಲಿನ ಊರು. ಭತ್ತದ ನಾಟಿ, ಕಳೆ, ಕುಯ್ಲು, ಕಬ್ಬು ಕಡಿಯೋದು, ಸೋಗೆ ಹೊರೋದು. ನಾಟಿ ಹಾಕುವ ಹೆಂಗಸಿನ ಸೊಂಟ ಬೆಳಿಗ್ಗೆ ಬಗ್ಗಿದರೆ ಮಧ್ಯಾಹ್ನ ಬುತ್ತಿ ಬಿಚ್ಚುವ ತನಕ ನೆಟ್ಟಗಾಗುವುದಿಲ್ಲ. ಸಂಜೆ ಮನೆಗೆ ಬಂದರೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಮೊಣಕಾಲಿನ ಮೂಳೆಗಳ ನಡುವೆ ಮೆತ್ತೆಯ ಹಾಗೆ ಮೆದುಮೂಳೆ ಇರುತ್ತದೆ. ಮೂವತ್ತು ವರ್ಷ ಹೀಗೆ ಬಗ್ಗಿ, ಹೊತ್ತು, ಕುಕ್ಕರಿಸಿ ಎದ್ದರೆ ಅದು ಸವೆಯುತ್ತದೆ. ಡಾಕ್ಟರುಗಳು ಇದಕ್ಕೆ ಮೂಳೆ ಸವೆತ ಅನ್ನುತ್ತಾರೆ. ನಮ್ಮ ಕೇರಿಯಲ್ಲಿ ಇದಕ್ಕೆ ಹೆಸರೇ ಇಲ್ಲ. ‘ವಯಸ್ಸಾಯ್ತು’ ಅಂತಾರೆ. ನಮ್ಮಲ್ಲಿ ನಲವತ್ತಕ್ಕೇ ವಯಸ್ಸಾಗುತ್ತದೆ.

ಬಿಳಿ ಗುಳಿಗೆ ಕೊಡುತ್ತಿದ್ದವನು ಪಕ್ಕದೂರಿನ ಸೂಜಿ ಡಾಕ್ಟರು. ಏನು ಓದಿದ್ದಾನೆ ಅಂತ ಯಾರೂ ಕೇಳಿದವರಿಲ್ಲ. ಸೂಜಿ ಹಾಕುತ್ತಾನೆ, ಸಾಲ ಹೇಳುತ್ತಾನೆ, ಬೈಯುವುದಿಲ್ಲ. ಬೆಳಗಾಗುವುದರೊಳಗೆ ನೋವು ಮಾಯ. ಆ ಗುಳಿಗೆಯಲ್ಲಿದ್ದದ್ದು ಸ್ಟೆರಾಯ್ಡ್. ಕೆಲವು ಕಾಯಿಲೆಗೆ ಅದು ಜೀವ ಉಳಿಸುವ ಔಷಧಿ. ಲೆಕ್ಕವಿಲ್ಲದೆ ವರ್ಷಗಟ್ಟಲೆ ನುಂಗಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಟ್ಟನೆ ನಿಲ್ಲಿಸಿದರೂ ಅಪಾಯ. ಅವ್ವನ ಮುಖ ದುಂಡಗಾದಾಗ ಕೇರಿಯವರು ‘ಮಗ ಓದ್ತಾವ್ನೆ, ಸುಖ ಬಂದದೆ’ ಅಂದಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಸೂಜಿ ಡಾಕ್ಟರನ್ನು ಬೈಯುವುದು ಸುಲಭ. ಸರ್ಕಾರಿ ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೇ ಗದ್ದೆಯಲ್ಲಿ ಕೂಲಿ ಶುರುವಾಗುತ್ತದೆ. ಸಾಲಿನಲ್ಲಿ ನಿಂತರೆ ಅವತ್ತಿನ ಕೂಲಿ ಹೋಯಿತು. ಅವನು ಸಂಜೆ ಏಳು ಗಂಟೆಗೆ ಕೇರಿ ಬಾಗಿಲಿಗೇ ಬರುತ್ತಾನೆ.

*

ನಾನು ಹಟ ಹಿಡಿದು ಅವ್ವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೇಜಿನ ಆಚೆಗೆ ಡಾಕ್ಟರು, ಈಚೆಗೆ ನಾವು ನಿಂತಿದ್ದೆವು. ಸ್ಟೂಲ್ ಖಾಲಿಯಿತ್ತು. ಕೂತುಕೋ ಅನ್ನಲಿಲ್ಲ. ‘ಎಲ್ಲಮ್ಮ ನೋವು?’ ಅಂದರು. ಅವ್ವ ಮಾತು ಮುಗಿಸುವಷ್ಟರಲ್ಲಿ ಚೀಟಿ ಬರೆದಾಗಿತ್ತು. ನಾನು ಕೇಳಿದೆ: ‘ಸಾರ್, ಮೊಣಕಾಲು ಮುಟ್ಟಿ ನೋಡಲ್ವಾ?’

ತಲೆ ಎತ್ತಿದರು. ಯಾವ ಊರು ಅಂದರು. ಊರಿನಲ್ಲಿ ಎಲ್ಲಿ ಅಂದರು. ಹೇಳಿದೆ. ಆಮೇಲೆ ನಗುನಗುತ್ತಲೇ ಹೇಳಿದರು:

‘ನಿಮ್ಮ ಜನ ಗಟ್ಟಿ ಕಣಪ್ಪ. ಗೇಯ್ದ ಮೈ. ನಮ್ಮಂಥೋರಿಗಾದ್ರೆ ತಡಕೊಳ್ಳೋಕಾಗ್ತಿರಲಿಲ್ಲ.’

ಬೈಗುಳವಾಗಿದ್ದರೆ ಜಗಳ ತೆಗೆಯಬಹುದಿತ್ತು. ಇದು ಹೊಗಳಿಕೆ. ಅವ್ವ ಕೂಡ ಸ್ವಲ್ಪ ಹೆಮ್ಮೆಯಿಂದಲೇ ನಕ್ಕಳು. ಚೀಟಿಯಲ್ಲಿ ಅದೇ ಡೈಕ್ಲೋಫೆನಾಕ್ ಇತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಟ್ಟಿ. ಈ ಒಂದು ಮಾತಿನ ಮೇಲೆ ಎಷ್ಟು ಹೊರೆ ಹೊರಿಸಿದ್ದಾರೆ ನೋಡಿ. ಗಟ್ಟಿ ಮೈ ಆದ್ದರಿಂದ ಹೆಚ್ಚು ಹೊರಬಹುದು. ಹೆಚ್ಚು ಹೊರುವುದರಿಂದ ಗಟ್ಟಿ ಮೈ. ಗಟ್ಟಿ ಮೈಗೆ ನೋವಾಗುವುದಿಲ್ಲ. ನೋವಾಗದಿದ್ದ ಮೇಲೆ ಮುಟ್ಟಿ ನೋಡುವುದು ಯಾಕೆ? ಮುಟ್ಟದೆ ಇರುವುದಕ್ಕೆ ಶಾಸ್ತ್ರ ಬೇರೆ ಕಾರಣ ಕೊಟ್ಟಿತ್ತು. ಈಗ ಆಸ್ಪತ್ರೆ ಇನ್ನೊಂದು ಕಾರಣ ಕಂಡುಕೊಂಡಿದೆ.

ಇದು ನಮ್ಮ ಊರಿನ ಒಬ್ಬ ಡಾಕ್ಟರ ಮಾತು ಮಾತ್ರ ಅಲ್ಲ. 1972ರಲ್ಲಿ ಬೊಂಬಾಯಿಯಲ್ಲಿ ನಮ್ಮವರು ದಲಿತ್ ಪ್ಯಾಂಥರ್ಸ್ ಕಟ್ಟಿದಾಗ ಹೆಸರನ್ನು ಅಮೆರಿಕದ ಕಪ್ಪು ಜನರಿಂದ ತಂದರು. ಆ ಅಮೆರಿಕದಲ್ಲಿ 2016ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವೈದ್ಯಕೀಯ ಓದುತ್ತಿದ್ದ ಮತ್ತು ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ಬಿಳಿಯರನ್ನು ಕೇಳಿದರು. ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ನಿಜವೆಂದು ಒಪ್ಪಿದ್ದರು. ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಂದಾಜು ಮಾಡಿದರು, ಚಿಕಿತ್ಸೆಯನ್ನೂ ತಪ್ಪಾಗಿ ಸೂಚಿಸಿದರು. ಅಲ್ಲಿ ಚರ್ಮ ದಪ್ಪ. ಇಲ್ಲಿ ಮೈ ಗಟ್ಟಿ.

ನೋವಿನ ಬಗ್ಗೆ ಅಧ್ಯಯನ ಮಾಡುವ ಅಂತಾರಾಷ್ಟ್ರೀಯ ಸಂಘ 1979ರಲ್ಲಿ ನೋವಿಗೊಂದು ವ್ಯಾಖ್ಯೆ ಮಾಡಿತ್ತು, 2020ರಲ್ಲಿ ಅದನ್ನು ತಿದ್ದಿತು. ಅದರ ಜತೆಗೆ ಎರಡು ಮಾತು ಸೇರಿಸಿದೆ. ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು. ಬಾಯಿಬಿಟ್ಟು ಹೇಳಲಾರದವರಿಗೆ ನೋವಿಲ್ಲ ಅಂತ ತಿಳಿಯಬಾರದು. ಇದನ್ನು ಓದಿದಾಗ ನನಗೆ ಇದು ವೈದ್ಯರು ಬರೆದದ್ದೋ ನಮ್ಮ ಸಂಘಟನೆಯವರು ಬರೆದದ್ದೋ ಅನ್ನಿಸಿತು.

*

ಗಟ್ಟಿ ಅನ್ನುವ ಮಾತಿಗೆ ಪೂರ್ತಿ ಬೆಲೆ ತೆತ್ತವನು ನಮ್ಮ ದೊಡ್ಡಪ್ಪ.

ಅವನು ಊರಿನ ತಮಟೆಯವನು. ಊರಿನ ಸತ್ತ ದನ ಎಳೆಯುತ್ತಿದ್ದವನೂ ಅವನೇ. ಬಾಯಿಯಲ್ಲಿ ಸದಾ ಹೊಗೆಸೊಪ್ಪು. ಕೆನ್ನೆಯೊಳಗೆ ಹುಣ್ಣಾಯಿತು, ವಾಸಿಯಾಗಲಿಲ್ಲ. ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ಕುತ್ತಿಗೆಗೆ ಇಳಿದಿತ್ತು. ‘ಇನ್ನೇನೂ ಮಾಡೋಕಾಗಲ್ಲ, ಮನೇಲಿ ನೋಡ್ಕೊಳ್ಳಿ’ ಅಂದು ಕಳಿಸಿದರು. ನಾಲ್ಕು ತಿಂಗಳು ನೋಡಿಕೊಂಡೆವು. ನೋಡುವುದು ಬಿಟ್ಟು ನಮಗೆ ಇನ್ನೇನೂ ಗೊತ್ತಿರಲಿಲ್ಲ. ಹಗಲು ಗೋಡೆ ಕಡೆ ಮುಖಮಾಡಿ ಮಲಗುತ್ತಿದ್ದ. ರಾತ್ರಿ ಮಕ್ಕಳು ಏಳಬಾರದು ಅಂತ ಟವೆಲ್ಲು ಕಚ್ಚಿ ನರಳುತ್ತಿದ್ದ. ಹತ್ತಿರದ ಆಸ್ಪತ್ರೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಕೊನೆಗೆ ಅವನ ಮಗನೇ ಅಗ್ಗದ ಎಣ್ಣೆ ಪ್ಯಾಕೆಟ್ಟು ತಂದು ಹುಣ್ಣಿನ ಬಾಯಿಗೆ ಬಿಡುತ್ತಿದ್ದ. ಉರಿಯಿಂದ ಕೂಗಿ, ಆಮೇಲೆ ಮಂಪರಿಗೆ ಹೋಗುತ್ತಿದ್ದ. ಊರಿನವರೆಲ್ಲರ ಸಾವಿಗೆ ತಮಟೆ ಬಡಿದವನು ಹಾಗೆ ಸತ್ತ.

ವಾಸಿ ಮಾಡೋಕಾಗಲ್ಲ ಅನ್ನುವುದು ಬೇರೆ, ನೋವು ಇಳಿಸೋಕಾಗಲ್ಲ ಅನ್ನುವುದು ಬೇರೆ. ಇದು ನನಗೆ ಆಮೇಲೆ ಓದಿ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ದಾರಿ ಹಾಕಿಕೊಟ್ಟಿತ್ತು. ಸಣ್ಣ ನೋವಿಗೆ ಪ್ಯಾರಾಸಿಟಮಾಲಿನಂಥವು. ಅದಕ್ಕೆ ಬಗ್ಗದಿದ್ದರೆ ಸೌಮ್ಯ ಅಫೀಮು ಜಾತಿಯ ಔಷಧಿ. ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಬಾಯಿಯಿಂದಲೇ ನುಂಗುವುದು, ನೋವು ಮರಳಿ ಬರುವ ಮೊದಲೇ ಗಂಟೆ ಲೆಕ್ಕದಲ್ಲಿ ಕೊಡುವುದು. ಮಾರ್ಫಿನ್ ಮಾತ್ರೆ ದುಬಾರಿಯೂ ಅಲ್ಲ. ಅದನ್ನು ತೆಗೆಯುವ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಪರವಾನಗಿ ಮೇಲೆ ಬೆಳೆಯುತ್ತಾರೆ. ಜಗತ್ತಿನ ಬೇರೆ ದೇಶದವರ ನೋವಿಗೆ ನಮ್ಮ ಅಫೀಮು ಹಡಗು ಹತ್ತಿ ಹೋಗಿದೆ. ದೊಡ್ಡಪ್ಪನ ಹತ್ತಿರಕ್ಕೆ ಬರಲಿಲ್ಲ.

ಯಾಕೆ ಬರಲಿಲ್ಲ? 1985ರಲ್ಲಿ ಮಾದಕ ವಸ್ತುಗಳ ಕಾಯ್ದೆ ಬಂತು. ಕಳ್ಳಸಾಗಣೆ ತಡೆಯಲು ಮಾಡಿದ ಕಾಯ್ದೆಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ಔಷಧಿಗೆ ಹಲವು ಕಚೇರಿಯ ಪರವಾನಗಿ ಬೇಕಿತ್ತು. ನೋವು ನಿವಾರಣೆಯ ಹೋರಾಟಗಾರರು ವರ್ಷಗಟ್ಟಲೆ ಬಡಿದಾಡಿದ ಮೇಲೆ 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಒಂದಿದ್ದರೆ ಸಾಕು ಎಂದಾಯಿತು. ದೊಡ್ಡಪ್ಪ ಸತ್ತದ್ದು 2016ರಲ್ಲಿ. ಕಾನೂನು ದೆಹಲಿಯಲ್ಲಿ ಬದಲಾಗಿ ಎರಡು ವರ್ಷವಾದರೂ ನಮ್ಮ ಕೇರಿಯ ದಾರಿ ಅದಕ್ಕೆ ಸಿಕ್ಕಿರಲಿಲ್ಲ.

ಆಗುವುದೇ ಇಲ್ಲ ಅಂತಲ್ಲ. ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ನೋವು ಮತ್ತು ಉಪಶಮನ ಆರೈಕೆಯ ಸಂಘ ಕಟ್ಟಿದರು. ಅದು ಬೆಳೆದು ನೆರೆಹೊರೆಯ ಜನರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವ ಚಳವಳಿಯಾಯಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯನ್ನೇ ಮಾಡಿತು. ಪಂಚಾಯ್ತಿ ನೇಮಿಸಿದ ನರ್ಸು ಹಾಸಿಗೆ ಹಿಡಿದವರ ಮನೆ ಬಾಗಿಲಿಗೆ ಹೋಗುತ್ತಾರೆ. ಪಂಚಾಯ್ತಿ ಅಂದರೆ ಬೀದಿ ದೀಪ, ಚರಂಡಿ ಅಂತ ನಾವು ತಿಳಿದಿದ್ದೇವೆ. ಒಬ್ಬ ಮನುಷ್ಯನ ರಾತ್ರಿಯ ನರಳಾಟವೂ ಪಂಚಾಯ್ತಿಯ ಕೆಲಸ ಅಂತ ಅಲ್ಲಿಯವರು ತಿಳಿದರು.

*

ದೊಡ್ಡಪ್ಪ ಆರೋಗ್ಯವಾಗಿದ್ದಾಗ ಒಂದು ಮಾತು ಹೇಳುತ್ತಿದ್ದ. ‘ಮೊದ್ಲು ನಾವು ದನ ಎಳ್ಕೊಂಡ್ ಹೋಗಿ ಚರ್ಮ ಸುಲಿಯೋದೇ ತಡ, ರಣಹದ್ದು ಇಳಿಯವು. ಈಗ ಒಂದೂ ಬರಲ್ಲ. ಎಲ್ಲಿ ಹೋದವೋ.’

ಎಲ್ಲಿ ಹೋದವು ಅಂತ ನಾನು ಅವನು ಸತ್ತ ಮೇಲೆ ಓದಿದೆ. ನೋವಿಗೂ ಬಾವಿಗೂ ದನಗಳಿಗೆ ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಆ ದನ ಸತ್ತು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದ ಒಂದೂವರೆ ದಶಕದೊಳಗೆ ಈ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ. 99ಕ್ಕಿಂತ ಹೆಚ್ಚು ಇಲ್ಲವಾದವು. 2004ರಲ್ಲಿ ವಿಜ್ಞಾನಿಗಳು ಕಾರಣ ಹಿಡಿದರು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಆ ಔಷಧಿ ನಿಷೇಧಿಸಿತು. ಮನುಷ್ಯರ ಔಷಧಿಯ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುತ್ತಾರೆ ಅಂತ 2015ರಲ್ಲಿ ಆ ಬಾಟಲಿಯನ್ನೂ ನಿಲ್ಲಿಸಿ, ಒಂದೇ ಸಲಕ್ಕಾಗುವ 3 ಮಿ.ಲೀ. ಸೀಸೆಗೆ ಇಳಿಸಿತು.

ಹದ್ದಿಗೊಂದು ಕಾನೂನು ಬಂತು. ಬರಬೇಕಾದ್ದೇ. ಅದು ನಮ್ಮ ಕಸುಬಿನ ನೆಂಟ. ಮನುಷ್ಯನ ಮೈ ಹದ್ದಿನ ಮೈಯಲ್ಲ, ನಾಲ್ಕು ದಿನದ ನೋವಿಗೆ ಡಾಕ್ಟರು ಹೇಳಿದಂತೆ ನುಂಗಿದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೆ ಬರಿಹೊಟ್ಟೆಯಲ್ಲಿ, ಬಿಸಿಲಿನಲ್ಲಿ ನೀರಿಲ್ಲದೆ ಗೇಯುತ್ತ, ಒಂಬತ್ತು ವರ್ಷ ನುಂಗಿದವಳ ಹೊಟ್ಟೆ, ಮೂತ್ರಪಿಂಡ ಏನಾಗುತ್ತದೆ? ಆ ಲೆಕ್ಕ ಯಾರ ಪುಸ್ತಕದಲ್ಲಿದೆ?

*

ಹೋದ ವರ್ಷ ನಮ್ಮ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವ್ವನಿಗೆ ‘ಕೂತ್ಕೊಳ್ಳಿ ಅಮ್ಮ’ ಅಂದು ಸ್ಟೂಲ್ ಎಳೆದರು. ಸೀರೆ ಮೇಲೆತ್ತಿಸಿ ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಮಡಚಿದರು, ಬಿಡಿಸಿದರು. ಅವ್ವ ಬೆಚ್ಚಿಬಿದ್ದಳು. ನೋವಿಗೆ ಅಂದುಕೊಂಡೆ. ಮನೆಗೆ ಬರುವ ದಾರಿಯಲ್ಲಿ ಹೇಳಿದಳು: ‘ಮುಟ್ಟುದ್ಲು ಕಣ್ಲಾ.’

‘ಹತ್ತರಲ್ಲಿ ಎಷ್ಟು ನೋವು ಅಮ್ಮ?’ ಅಂದರು ಡಾಕ್ಟರು. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ್ದು. ಅವ್ವ ಯೋಚನೆ ಮಾಡಿದಳು.

‘ಹತ್ತು ಪತ್ತು ನಂಗೆ ಗೊತ್ತಾಗಲ್ಲ ತಾಯಿ. ರೂಪಾಯಿಗೆ ಹನ್ನೆರಡಾಣೆ ಅನ್ಕೋ. ಮಲಗ್ದಾಗ ಆರಾಣೆ. ಒಲೆ ಮುಂದಿಂದ ಏಳ್ವಾಗ ಹದಿನಾರಾಣೆ.’

ಡಾಕ್ಟರು ನಗಲಿಲ್ಲ. ಚೀಟಿಯಲ್ಲಿ ‘12 ಆಣೆ’ ಅಂತಲೇ ಬರೆದುಕೊಂಡರು.

ಆಮೇಲೆ ಯಾವ ಥರದ ನೋವು ಅಂತ ಕೇಳಿದರು. ನಾನು ಐವತ್ತಮೂರು ಸಲ ಒಂದೇ ಮಾತು ಬರೆದವನು. ಅವ್ವ ಒಂದೇ ಉಸಿರಿಗೆ ಐದು ಹೇಳಿದಳು. ಮೊಣಕಾಲು ಕಡೀತದೆ. ಸೊಂಟ ಹಿಡ್ಕತದೆ. ಮೀನಖಂಡ ಸೆಳೀತದೆ. ಅಂಗಾಲು ಉರೀತದೆ. ಬೆರಳು ಜೋಮು ಹಿಡೀತದೆ. ಡಾಕ್ಟರು ಒಂದೊಂದನ್ನೂ ಬೇರೆ ಮಾಡಿದರು. ಗೇಯ್ದಾಗ ಹೆಚ್ಚಿ ಕೂತಾಗ ಇಳಿಯುವ ಕಡಿತ ಕೀಲಿನದು. ಉರಿ, ಜೋಮು ನರದ್ದು, ಅದಕ್ಕೆ ಡೈಕ್ಲೋಫೆನಾಕ್ ನಾಟುವುದಿಲ್ಲ, ಔಷಧಿಯೇ ಬೇರೆ. ಸಕ್ಕರೆ ನೋಡಬೇಕು ಅಂದರು. ನೋಡಿದರೆ ಇತ್ತು.

ಅವತ್ತು ನನಗೆ ಬಾಬಾಸಾಹೇಬರ ನೆನಪಾಯಿತು. ಸಂವಿಧಾನ ಬರೆಯುವ ಆ ವರ್ಷಗಳಲ್ಲಿ ಅವರಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ನರದ ನೋವು, ನಿದ್ದೆಯಿಲ್ಲದ ರಾತ್ರಿಗಳು. ನಾವು ಗೋಡೆಗೆ ಹಾಕಿದ ಪಟದಲ್ಲಿ ಅವರು ಬೆರಳೆತ್ತಿ ನಿಂತಿದ್ದಾರೆ. ನಿಂತ ಕಾಲು ನೋಯುತ್ತಿತ್ತು ಅಂತ ನಾವು ನೆನೆಯುವುದಿಲ್ಲ. ಅವರನ್ನೂ ನಾವು ಗಟ್ಟಿ ಮಾಡಿಬಿಟ್ಟಿದ್ದೇವೆ.

ರಕ್ತ ಪರೀಕ್ಷೆಯಲ್ಲಿ ಅವ್ವನ ಮೂತ್ರಪಿಂಡ ಸ್ವಲ್ಪ ಸೊರಗಿರುವುದು ಗೊತ್ತಾಯಿತು. ಡೈಕ್ಲೋಫೆನಾಕ್ ಪೂರ್ತಿ ನಿಲ್ಲಿಸಿದರು. ಬಿಳಿ ಗುಳಿಗೆಯನ್ನು ತಟ್ಟನೆ ಬಿಡಿಸದೆ ವಾರವಾರ ಇಳಿಸಿದರು. ಬೇಕೆನಿಸಿದಾಗ ಲೆಕ್ಕ ಮೀರದಂತೆ ಪ್ಯಾರಾಸಿಟಮಾಲ್, ಸಕ್ಕರೆಗೆ ಮಾತ್ರೆ, ಉರಿಗೆ ರಾತ್ರಿ ಒಂದು ಸಣ್ಣ ಮಾತ್ರೆ. ಜಗಲಿ ಮೇಲೆ ಕೂತು ಕಾಲು ನೀಡಿ, ಹತ್ತು ಎಣಿಸುವ ತನಕ ಹಿಡಿದು ಇಳಿಸುವ ಕಸರತ್ತು. ‘ಗೇಯೋ ಕಾಲಿಗೆ ಇನ್ನೇನ್ ಕಸರತ್ತು?’ ಅಂದಳು ಅವ್ವ. ಗೆಯ್ಮೆ ಕೀಲನ್ನು ಸವೆಸುತ್ತದೆ, ಈ ಕಸರತ್ತು ತೊಡೆಯ ಮಾಂಸಖಂಡ ಬಲಮಾಡಿ ಕೀಲಿನ ಭಾರ ಇಳಿಸುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು.

ನನಗೂ ಒಂದಿಷ್ಟು ಹೇಳಿಕೊಟ್ಟರು. ಹೊಸ ನೋವು ಮನೆ ಕಾಯುವ ನಾಯಿ ಇದ್ದ ಹಾಗೆ. ಕಳ್ಳ ಬಂದಾಗ ಬೊಗಳುತ್ತದೆ, ಎದ್ದು ನೋಡಬೇಕು. ಮೂರು ತಿಂಗಳು ದಾಟಿದ್ದು ಹಳೇ ನೋವು. ಕಳ್ಳ ಹೋದ ಮೇಲೂ ನಾಯಿ ಬೊಗಳುತ್ತಲೇ ಇರಬಹುದು. ಅದಕ್ಕೆ ದಿನಾ ಸೂಜಿ ಹಾಕಿದರೆ ಸುಮ್ಮನಾಗುವುದಿಲ್ಲ. ಆದರೆ ಎದೆನೋವು ಬಂದು ಬೆವೆತರೆ, ಬೆನ್ನುನೋವಿನ ಜತೆ ಜ್ವರ ಬಂದರೆ, ಕಾಲಿನ ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ, ಮಲ ಡಾಂಬರಿನ ಹಾಗೆ ಕಪ್ಪಗಾದರೆ ಒಂದು ಗಳಿಗೆಯೂ ತಡಮಾಡಬಾರದು. ಹಳ್ಳಿ ಮೇಷ್ಟರುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಇಷ್ಟನ್ನು ಮಕ್ಕಳಿಗೆ ಬರೆಸಿ. ಮನೆಗೆ ಹೋಗಿ ಓದಿ ಹೇಳುತ್ತವೆ.

ಕೊನೆಗೆ ಡಾಕ್ಟರು ಅಂದರು: ‘ಎರಡು ತಿಂಗಳು ನಾಟಿಗೆ ಹೋಗಬೇಡಿ ಅಮ್ಮ. ಕುಕ್ಕರಗಾಲಲ್ಲಿ ಕೂರಬೇಡಿ.’

‘ಎರಡು ತಿಂಗಳ ಕೂಲಿ ನೀನ್ ಕೊಟ್ಟೀಯಾ ತಾಯಿ?’

ಅವ್ವ ತಮಾಷೆಗೇ ಕೇಳಿದ್ದು. ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ಹತ್ತಿರ ಅದಕ್ಕೆ ಮಾತ್ರೆ ಇರಲಿಲ್ಲ.

*

ಇಂಗ್ಲೆಂಡಿನಲ್ಲಿ ಸಿಸಿಲಿ ಸಾಂಡರ್ಸ್ ಅಂತ ಒಬ್ಬ ಹೆಣ್ಣುಮಗಳು ಇದ್ದರು. ಮೊದಲು ನರ್ಸಾಗಿ, ಆಮೇಲೆ ಡಾಕ್ಟರಾಗಿ, ಸಾಯುವವರ ಹಾಸಿಗೆ ಪಕ್ಕ ಕೂತು ಕೇಳಿಸಿಕೊಂಡವರು. 1967ರಲ್ಲಿ ಅಂಥವರಿಗಾಗಿಯೇ ಲಂಡನ್ನಿನಲ್ಲಿ ಆಸ್ಪತ್ರೆ ತೆರೆದರು. ನೋವು ಬರಿ ಮೈಯದಲ್ಲ, ಮನಸ್ಸಿನದು, ಸಂಸಾರದ್ದು, ದುಡ್ಡಿನದು, ನಂಬಿಕೆಯದು, ಎಲ್ಲ ಸೇರಿ ಒಟ್ಟು ನೋವು ಅಂತ ಅವರು ಕಂಡುಕೊಂಡರು. ಆ ಪಟ್ಟಿಗೆ ನಾನು ಜಾತಿ ಅಂತ ಒಂದು ಸೇರಿಸುತ್ತೇನೆ.

1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯದ ಹಿರಿಯರು ಸೇರಿದಾಗ ಜನರ ನೋವಿಗೆ ಓಗೊಡುವುದೇ ಕಾವ್ಯದ ಕೆಲಸ ಅಂದರು. ನಾನು ಅದನ್ನು ನಂಬಿ ಬರೆಯಲು ಕೂತವನು. ಆದರೆ ಯಾರ ನೋವು, ಎಲ್ಲಿ, ಎಷ್ಟಾಣೆ ಅಂತ ಕೇಳದೆ ಬರೆದೆ. ಈಗ ಕೇರಿಯಲ್ಲಿ ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ. ಮೂವತ್ತೆರಡು ಮನೆಯಲ್ಲಿ ಇಪ್ಪತ್ತೇಳು ಮನೆಯ ಸಂಚಿಯಲ್ಲೋ ಸೂರಿನಲ್ಲೋ ಮಾತ್ರೆ ಪಟ್ಟಿ ಸಿಕ್ಕಿದೆ. ಈ ಪುಸ್ತಕ ಹಿಡಿದು ನಾವು ಕೆಲವರು ಪಂಚಾಯ್ತಿಗೆ ಹೋಗಬೇಕೆಂದಿದ್ದೇವೆ. ವಾರಕ್ಕೆ ಒಂದು ದಿನವಾದರೂ ಸಂಜೆ ಆಸ್ಪತ್ರೆ ತೆರೆಯಬೇಕು. ಮೂತ್ರಪಿಂಡ, ಸಕ್ಕರೆ ಪರೀಕ್ಷೆ ಅಲ್ಲೇ ಆಗಬೇಕು. ಹಾಸಿಗೆ ಹಿಡಿದವರಿಗೆ ಮಾರ್ಫಿನ್ ತಾಲ್ಲೂಕಿನಲ್ಲೇ ಸಿಗಬೇಕು. ಇನ್ನೊಬ್ಬ ದೊಡ್ಡಪ್ಪ ಟವೆಲ್ಲು ಕಚ್ಚಿ ಸಾಯಬಾರದು. ನಿಮ್ಮ ಊರಿನಲ್ಲೂ ಕೇಳಿ. ಬರೆದುಕೊಳ್ಳಿ.

ಮೊನ್ನೆ ಸಂಜೆ ಅವ್ವ ಜಗಲಿ ಮೇಲೆ ಕಾಲು ನೀಡಿ ಕಸರತ್ತು ಮಾಡುತ್ತಿದ್ದಳು. ‘ಈಗೆಷ್ಟವ್ವ?’ ಅಂದೆ.

‘ಎಂಟಾಣೆ ಅನ್ಕೋ.’

ನಾಲ್ಕಾಣೆ ಇಳಿದಿದೆ. ಅದು ಆ ಡಾಕ್ಟರು ಮುಟ್ಟಿ, ಕೂರಿಸಿ, ಕೇಳಿದ್ದರಿಂದ ಇಳಿದದ್ದು. ಉಳಿದ ಎಂಟಾಣೆ ಯಾವ ಆಸ್ಪತ್ರೆಯಲ್ಲೂ ಇಳಿಯುವುದಿಲ್ಲ. ಅದನ್ನು ಇಳಿಸಬೇಕಾದ್ದು ಗದ್ದೆಯ ಬದುವಿನ ಮೇಲೆ, ಕೂಲಿ ಲೆಕ್ಕದಲ್ಲಿ. ಬೆಳಿಗ್ಗೆ ಆರಕ್ಕೆ ಅವ್ವ ಮತ್ತೆ ನಾಟಿಗೆ ಹೋದಳು.